ಯೂರಿಯಾ: ಗಿಡಕ್ಕೆಷ್ಟು, ಗಾಳಿಗೆಷ್ಟು?

ಅರಕು ಕಣಿವೆಗೆ ಹೋಗಿ ಬಂದವರ ಫೋಟೋಗಳಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ನೆಟ್ಟಗೆ ನಿಂತ ಪೈನ್ ಮರಗಳು, ಕೆಳಗೆ ಕಂದು ಬಣ್ಣದ ಸೂಜಿ ಎಲೆಗಳ ದಪ್ಪ ಹಾಸಿಗೆ, ಅದರ ಮೇಲೆ ಕಾಲು ಚಾಚಿ ಕುಳಿತ ನಮ್ಮ ಹುಡುಗ ಹುಡುಗಿಯರು. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಪೈನ್ ಎಂದರೆ ಮಂಜು, ಪಿಕ್‌ನಿಕ್ಕು, ಬಿದಿರಿನ ಕೊಳವೆಯಲ್ಲಿ ಬೆಂದ ಕೋಳಿ. (ನಮ್ಮಂಥ ಸಸ್ಯಾಹಾರಿಗಳಿಗೆ ಸುಟ್ಟ ಜೋಳದ ತೆನೆ!)

ಅದೇ ಕುಲದ ಇನ್ನೊಂದು ಮರ ಲೊಬ್ಲಾಲಿ ಪೈನ್. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಅದು ನಮ್ಮ ಕಡೆಯ ಭತ್ತದ ಹಾಗೆ ಒಂದು ಬೆಳೆ. ನಮ್ಮ ಸಂಘದ ಎಷ್ಟೋ ಮನೆಗಳ ಅಕ್ಕ, ಭಾವ, ಅಣ್ಣಂದಿರು ನೆಲೆಸಿರುವ ನಾರ್ತ್ ಕೆರೊಲಿನಾ, ಜಾರ್ಜಿಯಾ, ವರ್ಜೀನಿಯಾಗಳಲ್ಲಿ ಕಾರಿನ ಕಿಟಕಿಯಿಂದ ಗಂಟೆಗಟ್ಟಲೆ ಕಾಣುವ ಕಾಡು ಬಹುಪಾಲು ಇದೇ. ಅದು ತಾನಾಗಿ ಬೆಳೆದ ಕಾಡಲ್ಲ. ಸಾಲು ಹಿಡಿದು ನೆಡುತ್ತಾರೆ, ಕಳೆ ತೆಗೆಯುತ್ತಾರೆ, ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕಡಿದು ಕಾಗದಕ್ಕೂ ಹಲಗೆಗೂ ಕಳಿಸುತ್ತಾರೆ. ನಡುವಯಸ್ಸಿನಲ್ಲಿ ಮರಕ್ಕೆ ಗೊಬ್ಬರವನ್ನೂ ಕೊಡುತ್ತಾರೆ. ಆಳು ಸಿಗದ ದೇಶವಲ್ಲವೇ, ಹೆಲಿಕಾಪ್ಟರಿನಿಂದಲೇ ಯೂರಿಯಾ ಎರಚುವುದುಂಟು. ವಾಡಿಕೆಯ ಪ್ರಮಾಣ ಹೆಕ್ಟೇರಿಗೆ ಸುಮಾರು 225 ಕಿಲೋ ಸಾರಜನಕ, ಜೊತೆಗೆ ಸ್ವಲ್ಪ ರಂಜಕ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೆಕ್ಟೇರಿಗೆ 45 ಕಿಲೋದ ಹನ್ನೊಂದು ಚೀಲ ಯೂರಿಯಾ.

ಮೇಲಿನಿಂದ ಸುರಿದ ಈ ಹನ್ನೊಂದು ಚೀಲದಲ್ಲಿ ಮರಕ್ಕೆ ದಕ್ಕುವುದೆಷ್ಟು? ಅಲ್ಲಿಯ ವಿಶ್ವವಿದ್ಯಾಲಯಗಳವರು ವರ್ಷಗಟ್ಟಲೆ ಇದರ ಬೆನ್ನು ಹತ್ತಿ ಅಳೆದಿದ್ದಾರೆ. ಕೆಲವು ಸಲ ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ ನಷ್ಟ. ಕೆಲವು ಸಲ, ಅದೇ ಮರ, ಅದೇ ಗೊಬ್ಬರ, ಅದೇ ಪ್ರಮಾಣ, ಎರಡು ಮೂರು ವಾರದೊಳಗೆ ಅರ್ಧದಷ್ಟು ಸಾರಜನಕ ಗಾಳಿಯಲ್ಲಿ ಮಾಯ! ವ್ಯತ್ಯಾಸಕ್ಕೆ ದೊಡ್ಡ ಕಾರಣ ಎರಚಿದ ದಿನದ ಮತ್ತು ಅದರ ಮುಂದಿನ ಕೆಲವು ದಿನಗಳ ಹವೆ.

ಇದು ದೂರದ ದೇಶದ ಸುದ್ದಿ ಎಂದು ಪುಟ ತಿರುವಬೇಡಿ. ಅರಕಿನ ಪೈನ್ ತೋಪಿಗೆ ಯಾರೂ ಹೆಲಿಕಾಪ್ಟರಿನಿಂದ ಯೂರಿಯಾ ಸುರಿಯುವುದಿಲ್ಲ, ನಿಜ. ಆದರೆ ವಿಶಾಖಪಟ್ಟಣದ ಬಂದರಿನಲ್ಲಿ ಹಡಗುಗಳಿಂದ ಇಳಿಯುವ ಯೂರಿಯಾ, ವಿಜಯವಾಡದ ಸುತ್ತಲಿನ ಕೃಷ್ಣಾ ಮುಖಜಭೂಮಿಯ ಗದ್ದೆಗಳಿಗೆ ಬೀಳುವ ಯೂರಿಯಾ, ನಿಮ್ಮ ತಾತನ ಊರು ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಚಿಕ್ಕಪ್ಪ ಎರಚುವ ಯೂರಿಯಾ, ಎಲ್ಲವೂ ಇದೇ ಹವೆಯ ಕೈಯಲ್ಲಿ ಸಿಕ್ಕಿದೆ. ಕಾಡಿನಲ್ಲಿ ಈ ಆಟ ಸ್ಪಷ್ಟವಾಗಿ ಕಾಣುತ್ತದೆ, ಆದ್ದರಿಂದ ಮೊದಲು ಕಾಡಿನ ಕಥೆ.

ಬಕೆಟ್ಟಿನ ವಾಸನೆ

ಯೂರಿಯಾ ಬಿಳಿ ಹರಳು, ಸಾಬೂದಾನಿಯ ಹಾಗೆ. ನೂರು ಕಿಲೋದಲ್ಲಿ 46 ಕಿಲೋ ಸಾರಜನಕ. ನಮ್ಮ ತಲೆಯ ಮೇಲಿನ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ಮಾಡಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಗೆ ತಂದ. ಇಂದಿನ ಯೂರಿಯಾದ ಮೂಲ ಅಲ್ಲೇ. ನಮ್ಮ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಶುರುವಾದದ್ದು 1976ರಲ್ಲಿ. ಬೆಂಕಿ, ಒತ್ತಡ, ನೈಸರ್ಗಿಕ ಅನಿಲ, ಇಷ್ಟೆಲ್ಲ ಖರ್ಚು ಮಾಡಿ ಗಾಳಿಯಿಂದ ಹಿಡಿದು ತಂದ ಸಾರಜನಕ ಒಂದು ವಾರದಲ್ಲಿ ಮತ್ತೆ ಗಾಳಿಗೇ ಹೋಗುವುದೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಹೋಗುವ ದಾರಿ ಗೃಹಿಣಿಯರಿಗೆ ಹೊಸದಲ್ಲ. ಡೈಪರ್ ಇಲ್ಲದ ಕಾಲದಲ್ಲಿ ಮಗುವಿನ ಒದ್ದೆ ಬಟ್ಟೆಗಳನ್ನು ಒಂದು ಬಕೆಟ್ಟಿನಲ್ಲಿ ಹಾಕಿ ಮುಚ್ಚಿಡುತ್ತಿದ್ದೆವು. ಒಂದು ದಿನ ತೊಳೆಯುವುದು ತಪ್ಪಿ, ಮಾರನೆಯ ದಿನ ಮುಚ್ಚಳ ತೆಗೆದರೆ ಕಣ್ಣಿಗೆ ನೀರು ಬರಿಸುವ ಘಾಟು! ಅದೇ ಅಮೋನಿಯ. ಮೂತ್ರದಲ್ಲಿರುವುದೂ ಇದೇ ಯೂರಿಯಾ, ಚೀಲದಲ್ಲಿರುವುದೂ ಇದೇ ಯೂರಿಯಾ. ಮಣ್ಣಿನಲ್ಲಿ, ಕೊಳೆಯುವ ಎಲೆಯಲ್ಲಿ, ಸೂಕ್ಷ್ಮಜೀವಿಗಳಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ. ಡಿಸೆಂಬರಿನಲ್ಲಿ ಎರಡು ದಿನ ತಡೆಯುತ್ತಿದ್ದ ಬಕೆಟ್ಟು ವಿಜಯವಾಡದ ಮೇ ತಿಂಗಳಲ್ಲಿ ಅರ್ಧ ದಿನಕ್ಕೇ ನಾರುತ್ತಿತ್ತು. ಬಿಸಿಲು ಏರಿದಷ್ಟೂ ಕಿಣ್ವ ಚುರುಕು, ಅನಿಲ ಹಾರುವುದೂ ಚುರುಕು.

ಅಮೋನಿಯ ಹುಟ್ಟಿದ ಕೂಡಲೇ ಹಾರಿಹೋಗಬೇಕೆಂದಿಲ್ಲ. ಅಲ್ಲಿ ತೇವದ ಮಣ್ಣು ಇದ್ದರೆ ಅದು ಅಮೋನಿಯಂ ಎಂಬ ರೂಪಕ್ಕೆ ತಿರುಗಿ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಬೇರು ಬಂದು ಹೀರುತ್ತದೆ. ಹಾರುವುದೋ ಅಂಟುವುದೋ ಎಂಬುದನ್ನು ತೀರ್ಮಾನಿಸುವುದು ಸುತ್ತಲಿನ ಹುಳಿ ಮತ್ತು ಕ್ಷಾರ. ಹುಳಿಯೂ ಕ್ಷಾರವೂ ಅಲ್ಲದ ನೀರಿನಲ್ಲಿ, ಅಂದರೆ ಪಿ.ಎಚ್. 7 ಇರುವಲ್ಲಿ, ನೂರಕ್ಕೆ ಒಂದು ಪಾಲಿಗೂ ಕಡಿಮೆ ಅನಿಲವಾಗಿರುತ್ತದೆ. ಪಿ.ಎಚ್. 9ಕ್ಕೆ ಏರಿದರೆ ಮೂರನೇ ಒಂದು ಪಾಲಿಗೂ ಹೆಚ್ಚು ಅನಿಲ! ಎರಡೇ ಅಂಕಿಯ ವ್ಯತ್ಯಾಸ ಎಂದು ತಾತ್ಸಾರ ಮಾಡುವಂತಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಪೈನ್ ಕಾಡಿನ ತರಗು ಬಹಳ ಹುಳಿ. ಹುಳಿಯ ಜಾಗದಲ್ಲಿ ಅಮೋನಿಯ ಹಾರಲಾರದು ಎಂದು ಯಾರಾದರೂ ತರ್ಕ ಮಾಡಬಹುದು. ಆದರೆ ಯೂರಿಯಾ ಒಡೆಯುವಾಗ ತನ್ನ ಸುತ್ತಲಿನ ಹುಳಿಯನ್ನು ತಾನೇ ತಿಂದುಹಾಕುತ್ತದೆ. ಕಾಡೆಲ್ಲ ಹುಳಿಯಾಗಿದ್ದರೂ ಪ್ರತಿ ಹರಳಿನ ಸುತ್ತ ಒಂದು ಪುಟ್ಟ ಕ್ಷಾರದ ವೃತ್ತ ಏರ್ಪಡುತ್ತದೆ. ಆ ವೃತ್ತದೊಳಗಿಂದಲೇ ಅಮೋನಿಯ ಮೇಲೇಳುತ್ತದೆ.

ಇಬ್ಬನಿ ಎಂಬ ಮೋಸಗಾರ

ಈಗ ಸೂಜಿ ಎಲೆಗಳ ಹಾಸಿಗೆಯನ್ನು ನೆನಪು ಮಾಡಿಕೊಳ್ಳಿ. ಹೆಲಿಕಾಪ್ಟರಿನಿಂದ ಬಿದ್ದ ಹರಳು ಮಣ್ಣಿಗೆ ಮುಟ್ಟುವುದೇ ಇಲ್ಲ, ಈ ಹಾಸಿನ ಮೇಲೆಯೇ ಕೂರುತ್ತದೆ. ಹಾಸಿನಲ್ಲಿ ಯೂರಿಯೇಸ್ ಧಾರಾಳ. ಅಮೋನಿಯಂ ಹಿಡಿದಿಡುವ ಮಣ್ಣಿನ ಕಣ ಮಾತ್ರ ಇಲ್ಲ. ಕಳ್ಳ ಮನೆಯೊಳಗೇ ಇದ್ದಾನೆ, ಬೀರುವಿಗೆ ಬೀಗವಿಲ್ಲ ಅನ್ನುವ ಸ್ಥಿತಿ.

ಮುಂದಿನದು ಆಕಾಶಕ್ಕೆ ಬಿಟ್ಟದ್ದು. ಹಾಸು ಪೂರ್ತಿ ಒಣಗಿದ್ದು ಗಾಳಿಯೂ ಒಣಗಿದ್ದರೆ ಹರಳು ಹರಳಾಗಿಯೇ ಕಾಯುತ್ತದೆ. ನೀರಿಲ್ಲದೆ ಕಿಣ್ವ ಕೆಲಸ ಮಾಡದು. ಚೆನ್ನಾಗಿ ಒಂದು ಮಳೆ ಹೊಡೆದರೆ, ಅರ್ಧ ಇಂಚಿನಷ್ಟು ಅಥವಾ ಅದಕ್ಕೂ ಮಿಕ್ಕಿ, ಹರಳು ಕರಗಿ ಹಾಸನ್ನು ದಾಟಿ ಮಣ್ಣಿಗಿಳಿಯುತ್ತದೆ. ಅಲ್ಲಿಗೆ ಗಾಳಿಯ ಭಯ ಬಹುಮಟ್ಟಿಗೆ ತಪ್ಪಿದ ಹಾಗೆ. ಕೆಟ್ಟದ್ದು ಇವೆರಡರ ನಡುವಿನದು. ಬರೀ ಇಬ್ಬನಿ, ಬರೀ ತುಂತುರು. ಹರಳು ಕರಗುವಷ್ಟು ನೀರು ಉಂಟು, ಕೆಳಗಿಳಿಸುವಷ್ಟು ಇಲ್ಲ. ರಾತ್ರಿ ಇಬ್ಬನಿಗೆ ಕರಗಿತು, ಕಿಣ್ವ ಒಡೆಯಿತು, ಬೆಳಗ್ಗೆ ಬಿಸಿಲು ಬಂತು, ಗಾಳಿ ಬೀಸಿತು, ಹೋಯಿತು. ಮಾರನೆಯ ರಾತ್ರಿ ಮತ್ತೆ ಅದೇ ಕಥೆ.

ಮಳೆಯಾಗಲಿ ಇಬ್ಬನಿಯಾಗಲಿ ಇಲ್ಲದಿದ್ದರೂ ಗಾಳಿಯ ತೇವವೇ ಸಾಕು. ಸೆಖೆಯ ದಿನಗಳಲ್ಲಿ ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿದರೆ ಯೂರಿಯಾ ತಾನಾಗಿ ಬೆವರಲು ಶುರುಮಾಡುತ್ತದೆ. ವಿಶಾಖಪಟ್ಟಣದಲ್ಲಿ ಮುಚ್ಚಳ ಸರಿಯಾಗಿ ಹಾಕದ ಉಪ್ಪಿನ ಡಬ್ಬಿ ಏನಾಗುತ್ತದೆ ಎಂದು ನಿಮ್ಮ ಅಮ್ಮನನ್ನು ಕೇಳಿ.

ನಮ್ಮ ಸಂಘದ ಹುಡುಗನೊಬ್ಬನಿಗೆ, ಎಂಜಿನಿಯರಿಂಗ್ ಓದುವವನು, ಇದನ್ನು ವಿವರಿಸುತ್ತಿದ್ದಾಗ ಅವನು ತಲೆ ಕೆರೆದುಕೊಂಡ. “ಆಂಟಿ, ಒಂದೇ ಮಾತಲ್ಲಿ ಹೇಳಿ. ಮಳೆ ಬಂದರೆ ಒಳ್ಳೆಯದೋ ಕೆಟ್ಟದ್ದೋ?” ಒಂದೇ ಮಾತಿನಲ್ಲಿ ಹೇಳಲಿಕ್ಕಾಗುವುದಿಲ್ಲಪ್ಪ, ಅದೇ ಇದರ ಗಮ್ಮತ್ತು. ತುಂತುರು ಕೆಟ್ಟದ್ದು, ಹದವಾದ ಮಳೆ ಒಳ್ಳೆಯದು, ಜಡಿಮಳೆ ಮತ್ತೆ ಕೆಟ್ಟದ್ದು. ಜಡಿಮಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ತಿಳಿದ ಮೇಲೆ ಅಮೆರಿಕದ ಕಾಡಿನವರು ಮಾಡಿದ್ದೇನು? ಗೊಬ್ಬರ ಹಾಕುವುದನ್ನು ಆದಷ್ಟು ಚಳಿಗಾಲಕ್ಕೆ ತಳ್ಳಿದರು. ಚಳಿಯಲ್ಲಿ ಕಿಣ್ವ ನಿಧಾನ, ಅಮೋನಿಯ ಹಾರುವುದೂ ನಿಧಾನ, ಒಂದು ಒಳ್ಳೆಯ ಮಳೆ ಬರುವ ತನಕ ಕಾಯಲು ಸಮಯ ಸಿಗುತ್ತದೆ. ಬೇಸಿಗೆಯಲ್ಲಿ ಹಾಕಿದ ಯೂರಿಯಾಕ್ಕಿಂತ ಚಳಿಗಾಲದ್ದು ಸಾಮಾನ್ಯವಾಗಿ ಕಡಿಮೆ ನಷ್ಟ. ಎರಡನೆಯದಾಗಿ, ಯೂರಿಯೇಸ್ ಕಿಣ್ವದ ಕೈ ಕಟ್ಟುವ ಎನ್.ಬಿ.ಪಿ.ಟಿ. ಎಂಬ ರಾಸಾಯನಿಕ ಲೇಪಿಸಿದ ಯೂರಿಯಾ ಬಳಕೆಗೆ ಬಂತು. ಅದು ಹರಳಿಗೆ ಒಂದೆರಡು ವಾರದ ವಾಯಿದೆ ಕೊಡಿಸುತ್ತದೆ, ಅಷ್ಟೇ. ಆ ವಾಯಿದೆಯೊಳಗೆ ಮಳೆ ಬಂದರೆ ಗೆದ್ದ ಹಾಗೆ.

ನೀರಿನ ಮೇಲೆ ಮಧ್ಯಾಹ್ನ

ಈಗ ಅಲ್ಲಿಂದ ನಮ್ಮ ಮನೆಯ ಹತ್ತಿರಕ್ಕೆ ಬರೋಣ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನೀವೆಲ್ಲ ಓಡಾಡಿದ್ದೀರಿ. ಈಗಿನ ಬ್ಯಾರೇಜು 1957ರದು. ಅದಕ್ಕೆ ನೂರು ವರ್ಷ ಮೊದಲೇ, 1855ರ ಹೊತ್ತಿಗೆ, ಅಲ್ಲಿ ಆಣೆಕಟ್ಟು ಎದ್ದಿತ್ತು. ಅಲ್ಲಿಂದ ಎಡಕ್ಕೂ ಬಲಕ್ಕೂ ಹೊರಡುವ ಕಾಲುವೆಗಳ ನೀರಿನಲ್ಲಿ ಕೃಷ್ಣಾ ಮುಖಜಭೂಮಿಯ ಭತ್ತ ಬೆಳೆಯುತ್ತದೆ. ನಮ್ಮ ಮನೆಗಳಲ್ಲಿ ಅನ್ನ ಮಾಡುವ ಸಾಂಬಾ ಮಸೂರಿ, ಅಂದರೆ ಬಿ.ಪಿ.ಟಿ. 5204, ಅದೇ ಬಯಲಿನ ಬಾಪಟ್ಲಾದ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು 1986ರಲ್ಲಿ ರೈತರಿಗೆ ಸಿಕ್ಕಿತು. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಈ ಕಡೆಯ ರೈತರೇ ಗಂಗಾವತಿ, ಸಿಂಧನೂರುಗಳಿಗೆ ಹೋಗಿ ‘ಕ್ಯಾಂಪು’ಗಳನ್ನು ಕಟ್ಟಿ ಅಲ್ಲೂ ಭತ್ತ ಬೆಳೆದರು. ನಮ್ಮವರು ಇಲ್ಲಿಗೆ, ಇವರು ಅಲ್ಲಿಗೆ! ಭತ್ತದ ಜೊತೆಗೆ ಯೂರಿಯಾ ಎರಚುವ ಅಭ್ಯಾಸವೂ ಹೋಯಿತು.

ನೀರು ನಿಂತ ಗದ್ದೆಯಲ್ಲಿ ಹವೆ ಆಡುವ ಆಟವೇ ಬೇರೆ. ಕಾಡಿನಲ್ಲಿ ನೀರು ಸಾಲದೆ ನಷ್ಟ, ಇಲ್ಲಿ ನೀರಿನ ಮೇಲೆಯೇ ನಷ್ಟ. ನಾಟಿ ಮಾಡಿದ ಹೊಸತರಲ್ಲಿ ಸಸಿ ಚಿಕ್ಕದು, ನೀರಿಗೆ ನೆರಳಿಲ್ಲ. ಬಿಸಿಲು ಬಿದ್ದು ನೀರಿನಲ್ಲಿ ಪಾಚಿ ಹುಲುಸಾಗುತ್ತದೆ. ಪಾಚಿಯೂ ಗಿಡವೇ, ಹಗಲು ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ಹೀರುತ್ತದೆ. ಆ ಅನಿಲ ಕಡಿಮೆಯಾದಷ್ಟೂ ನೀರಿನ ಹುಳಿ ಇಳಿದು ಕ್ಷಾರ ಏರುತ್ತದೆ. ಬೆಳಗ್ಗೆ ಸೌಮ್ಯವಾಗಿದ್ದ ನೀರು ಮಧ್ಯಾಹ್ನ ಒಂದು ಎರಡು ಗಂಟೆಯ ಹೊತ್ತಿಗೆ ಪಿ.ಎಚ್. 9 ದಾಟಿದರೂ ಆಶ್ಚರ್ಯವಿಲ್ಲ. ರಾತ್ರಿ ಮತ್ತೆ ಇಳಿಯುತ್ತದೆ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲ? ದಿನವೂ ಮಧ್ಯಾಹ್ನ ಗದ್ದೆ ಅಮೋನಿಯ ಊದುವ ಒಲೆಯಾಗುತ್ತದೆ. ಬಯಲಿನ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಮೋಡ ಕವಿದ ದಿನ, ಗಾಳಿಯಿಲ್ಲದ ದಿನ, ಪೈರು ಎತ್ತರಕ್ಕೆ ಬೆಳೆದು ನೀರನ್ನು ಮುಚ್ಚಿದ ಮೇಲೆ, ಈ ನಷ್ಟ ತಾನಾಗಿ ಕಡಿಮೆ.

ಏಷ್ಯಾದ ಭತ್ತದ ಗದ್ದೆಗಳಲ್ಲಿ ಹಾಕಿದ ಸಾರಜನಕದ ಮೂವತ್ತು ನಲವತ್ತು ಪಾಲು ಮಾತ್ರ ಪೈರಿಗೆ ಸೇರುತ್ತದೆ ಎಂಬುದು ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಅಂದಾಜು. ಎಕರೆಗೆ ಎರಡು ಚೀಲ ಹಾಕಿದರೆ ಸಾರಜನಕ ಸುಮಾರು 41 ಕಿಲೋ. ಅದರಲ್ಲಿ ಹದಿನೈದು ಕಿಲೋ ಪೈರಿಗೆ ಸಿಕ್ಕರೆ ಹೆಚ್ಚು. ಮಿಕ್ಕದ್ದರಲ್ಲಿ ಒಂದಿಷ್ಟು ಮಣ್ಣಿನಲ್ಲೇ ಉಳಿಯುತ್ತದೆ, ಬಾಕಿಯದು ಗಾಳಿಗೂ ನೀರಿಗೂ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಮೇಲುಗೊಬ್ಬರ ಕೊಡುವ ಮೊದಲು ಗದ್ದೆಯ ನೀರನ್ನು ಬಸಿದು ಕೆಸರು ಮಾತ್ರ ಉಳಿಸಿಕೊಳ್ಳಬೇಕು; ಯೂರಿಯಾ ಎರಚಿ ಕಾಲಿನಿಂದಲೋ ಕಳೆ ಯಂತ್ರದಿಂದಲೋ ಕೆಸರಿಗೆ ಕಲೆಸಬೇಕು; ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಬೇಕು. ಕೆಸರಿನೊಳಗೆ ಹೋದ ಅಮೋನಿಯಂ ಮೇಲೆ ಬರುವುದಿಲ್ಲ. ಬಾಂಗ್ಲಾದೇಶದಲ್ಲಿ ಯೂರಿಯಾವನ್ನು ದೊಡ್ಡ ಗೋಲಿಗಳಾಗಿ ಒತ್ತಿ, ನಾಲ್ಕು ಬುಡಗಳ ನಡುವೆ ಕೈಯಿಂದ ಕೆಸರಿನಾಳಕ್ಕೆ ತಳ್ಳುವ ಪದ್ಧತಿ ಬಹಳಷ್ಟು ರೈತರನ್ನು ತಲುಪಿತು. ನಮ್ಮಲ್ಲಿ ಯಾಕೆ ಹಬ್ಬಲಿಲ್ಲ ಎಂದರೆ, ಆಳಿನ ಕೂಲಿ ಒಂದು ಕಡೆ, ಯೂರಿಯಾ ಅಗ್ಗವೆಂಬುದು ಇನ್ನೊಂದು ಕಡೆ. ಕಾಲುವೆಯ ಕೊನೆಯ ರೈತನ ಕಷ್ಟವೂ ಇದೆ. ಬಸಿದ ನೀರು ಮತ್ತೆ ಯಾವಾಗ ಬಂದೀತೋ ಎಂಬ ಭಯದಲ್ಲಿ ಅವನು ಬಸಿಯಲಾರ. ಪುಸ್ತಕದ ಸಲಹೆ ಬರೆಯುವವರು ಅವನ ಬದುವಿನ ಮೇಲೆ ಒಂದು ದಿನ ನಿಂತು ನೋಡಬೇಕು.

ಹಳಬರಿಗೆ ಪಿ.ಎಚ್. ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು. ನಮ್ಮ ರೋಹಿಣಿ, ಮೃಗಶಿರ, ಆರಿದ್ರಾ ಮಳೆಗಳನ್ನು ಇಲ್ಲಿಯವರು ಕಾರ್ತೆ ಎನ್ನುತ್ತಾರೆ; ಹದಿಮೂರು ಹದಿನಾಲ್ಕು ದಿನಕ್ಕೊಂದು, ಅದೇ ನಕ್ಷತ್ರ, ಅದೇ ಲೆಕ್ಕ. ಉತ್ತರ ಕರ್ನಾಟಕದಲ್ಲಿ ಎತ್ತುಗಳಿಗೆ ಬಣ್ಣ ಬಳಿದು ಓಡಿಸುವ ಕಾರ ಹುಣ್ಣಿಮೆಯೂ ಇಲ್ಲಿಯ ಏರುವಾಕ ಪುನ್ನಮಿಯೂ ಒಂದೇ ದಿನ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಟ್ಟಿ ಗೊಬ್ಬರವನ್ನು ಮುಂಗಾರಿಗೆ ಮೊದಲೇ ಹರಡಿ ಉತ್ತು ಮಣ್ಣಿಗೆ ಸೇರಿಸುತ್ತಿದ್ದರು. ಅದು ನಿಧಾನದ ಗೊಬ್ಬರ, ಹವೆ ಎರಡು ದಿನ ಆಚೀಚೆಯಾದರೂ ನಡೆಯುತ್ತಿತ್ತು. ಯೂರಿಯಾ ಹಾಗಲ್ಲ. ಅದಕ್ಕೆ ಹದಿನಾಲ್ಕು ದಿನದ ನಕ್ಷತ್ರದ ಲೆಕ್ಕ ಸಾಲದು, ಮುಂದಿನ ನಲವತ್ತೆಂಟು ಗಂಟೆಯ ಲೆಕ್ಕ ಬೇಕು.

ಜಡಿಮಳೆಯ ಪಾಲು

ಮಣ್ಣಿಗಿಳಿದ ಅಮೋನಿಯಂ ಅಲ್ಲೇ ಇರುವುದಿಲ್ಲ. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟನ್ನು ಮಣ್ಣಿನ ಕಣ ಹಿಡಿದುಕೊಳ್ಳಲಾರದು. ದೊಡ್ಡ ಮಳೆ ಬಂದರೆ ನೀರಿನ ಜೊತೆ ಬಾವಿಗೆ, ಕಾಲುವೆಗೆ, ಕೆರೆಗೆ. ನೀರು ನಿಂತು ಮಣ್ಣಿನಲ್ಲಿ ಉಸಿರು ಕಟ್ಟಿದರೆ ಬೇರೆ ಸೂಕ್ಷ್ಮಜೀವಿಗಳು ಅದನ್ನು ಮತ್ತೆ ಅನಿಲ ಮಾಡುತ್ತವೆ. ಅದರಲ್ಲಿ ಬಹುಪಾಲು ನಿರುಪದ್ರವಿ ಸಾರಜನಕ, ಸ್ವಲ್ಪ ಮಾತ್ರ ನೈಟ್ರಸ್ ಆಕ್ಸೈಡ್. ಈ ಸ್ವಲ್ಪವೇ ತಲೆನೋವು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ ಇಂಗಾಲದ ಡೈ ಆಕ್ಸೈಡಿನ 270 ಕಿಲೋಗೂ ಮಿಕ್ಕಿ ಸಮ.

ಬಂಗಾಳ ಕೊಲ್ಲಿಯ ದಡದಲ್ಲಿರುವ ನಮಗೆ ಜಡಿಮಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ವಿಶಾಖಪಟ್ಟಣವನ್ನು ಬಡಿದದ್ದು ನಿಮ್ಮ ಬಾಲ್ಯದ ನೆನಪಾಗಿರಬಹುದು. 2023ರ ಡಿಸೆಂಬರ್ 5ರಂದು ಮಿಚೌಂಗ್ ಬಾಪಟ್ಲಾದ ಹತ್ತಿರ ದಡ ಮುಟ್ಟಿತು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದಾಗ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ನಾವು ನೋಡಿದ್ದು ಮುಳುಗಿದ ಮನೆಗಳನ್ನು, ದೋಣಿಯಲ್ಲಿ ಬಂದ ಹಾಲಿನ ಪ್ಯಾಕೆಟ್ಟುಗಳನ್ನು. ಮುಖಜಭೂಮಿಯ ಪೈರು ಬೆಳೆಯುವ ಹೊತ್ತು ಅದು. ಅಂಥ ನೀರಿನಡಿ ಸಿಕ್ಕ ಗದ್ದೆಯಲ್ಲಿ ಮೇಲುಗೊಬ್ಬರ ಉಳಿಯುವ ಮಾತೇ ಇಲ್ಲ.

ಬುಡಮೇರು ಹೋಗಿ ಸೇರುವುದು ಕೊಲ್ಲೇರು ಸರೋವರವನ್ನು. ಕೃಷ್ಣಾ, ಗೋದಾವರಿ ಮುಖಜಭೂಮಿಗಳ ನಡುವಿನ ತಗ್ಗು ಅದು. ದೇಶದ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಒಂದು, 2002ರಿಂದ ರಾಮ್ಸರ್ ಪಟ್ಟಿಯಲ್ಲಿದೆ. ಸುತ್ತಲಿನ ಗದ್ದೆಗಳಿಂದ, ಮೀನು ಹೊಂಡಗಳಿಂದ ಬಸಿದ ಸಾರಜನಕ, ರಂಜಕಗಳು ಅಲ್ಲಿ ಸೇರಿ ಅಂತರಗಂಗೆಯಂಥ ಕಳೆ ಹಬ್ಬುತ್ತದೆ, ನೀರಿನ ಉಸಿರು ಕಡಿಮೆಯಾಗುತ್ತದೆ. ರೈತನಿಗೆ ದಕ್ಕದ ಗೊಬ್ಬರ ಕಳೆಗೆ ದಕ್ಕಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಬಾವಿ ನೀರನ್ನೇ ನೆಚ್ಚಿಕೊಂಡ ಹಳ್ಳಿಯಲ್ಲಿ ಹಸುಗೂಸು ಇರುವ ಮನೆಯವರು ಈ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬೇವಿನ ಮಾತು ಇಲ್ಲೇ ಹೇಳಬೇಕು. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾವನ್ನೆಲ್ಲ ಬೇವಿನ ಎಣ್ಣೆ ಲೇಪಿಸಿಯೇ ಮಾರಬೇಕೆಂದು ಕೇಂದ್ರ ಸರಕಾರ ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ, ಯೂರಿಯಾವನ್ನು ಬೇರೆ ಕಾರ್ಖಾನೆಗಳಿಗೆ ಕದ್ದು ಸಾಗಿಸುವುದಕ್ಕೂ ಅಡ್ಡಿಯಾಗಬೇಕೆಂಬುದು ಅದರ ಇನ್ನೊಂದು ಉದ್ದೇಶ. ಆದರೆ ಬೇವು ಎಲ್ಲ ರೋಗಕ್ಕೂ ಮದ್ದು ಎಂದು ನಂಬುವುದು ನಮ್ಮ ಜನರ ಹಳೆಯ ಸ್ವಭಾವ. ಬೇವು ತಡೆಯುವುದು ಅಮೋನಿಯಂ ನೈಟ್ರೇಟಿಗೆ ತಿರುಗುವುದನ್ನು. ಹಾಗಾಗಿ ಜಡಿಮಳೆಗೆ ಕೊಚ್ಚಿಹೋಗುವ ಪಾಲು ಕಡಿಮೆಯಾಗುತ್ತದೆ. ಯೂರಿಯಾ ಒಡೆದು ಅಮೋನಿಯ ಆಗುವುದನ್ನು ಅದು ಹಾಗೆ ತಡೆಯುವುದಿಲ್ಲ. ಬಿಸಿಲಿನ ಮಧ್ಯಾಹ್ನ ನಿಂತ ನೀರಿನ ಮೇಲೆ ಎರಚಿದರೆ ಬೇವಿನ ಯೂರಿಯಾವೂ ಹಾರುತ್ತದೆ. ಮಳೆಯ ಕಳ್ಳನಿಗೊಂದು ಬೀಗ, ಗಾಳಿಯ ಕಳ್ಳನಿಗೆ ಇನ್ನೊಂದು. ಅಂಗಡಿಯವರು ಇದನ್ನು ಬಿಡಿಸಿ ಹೇಳುವುದಿಲ್ಲ.

ಹೂಮಳೆಯವರಿಂದ

ನಮ್ಮ ಮಲೆನಾಡಿನ ಕಾಫಿ ತೋಟದವರು ಈ ವಿಷಯದಲ್ಲಿ ನನ್ನ ಕಣ್ಣಿಗೆ ಎಲ್ಲರಿಗಿಂತ ಜಾಣರು. ಚಿಕ್ಕಮಗಳೂರು, ಕೊಡಗುಗಳಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಬರುವ ಹೂಮಳೆಯ ಮೇಲೆ ಇಡೀ ವರ್ಷದ ಬದುಕು ನಿಂತಿದೆ. ಅವರು ಗೊಬ್ಬರವನ್ನು ಒಂದೇ ಸಲ ಸುರಿಯುವುದಿಲ್ಲ. ಹೂವಾದ ಮೇಲೆ ಒಂದು ಕಂತು, ಮುಂಗಾರಿಗೆ ಮೊದಲು ಒಂದು, ಮಳೆಗಾಲದ ನಡುವೆ ಬಿಡುವು ಸಿಕ್ಕಾಗ, ಮಳೆ ಮುಗಿದ ಮೇಲೆ ಕೊನೆಯದು. ಜುಲೈಯ ಜಡಿಮಳೆಯಲ್ಲಿ ಚೀಲ ಬಿಚ್ಚುವುದಿಲ್ಲ. ನೆರಳು ಮರಗಳಿಂದ ಉದುರಿದ ತರಗು ಅಲ್ಲೂ ಹಾಸಿಗೆಯಂತೆ ಬಿದ್ದಿರುತ್ತದೆ. ಅದನ್ನು ಬುಡದಿಂದ ಸರಿಸಿ, ತೇವದ ಮಣ್ಣಿಗೆ ಗೊಬ್ಬರ ಹಾಕಿ, ಮತ್ತೆ ತರಗು ಮುಚ್ಚುತ್ತಾರೆ. ಪೈನ್ ಕಾಡಿನಲ್ಲಿ ಹೆಲಿಕಾಪ್ಟರಿಗೆ ಸಾಧ್ಯವಾಗದ್ದು ಎರಡು ಕೈಗಳಿಗೆ ಸಾಧ್ಯ.

ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರಕ್ಕೆ ನಮ್ಮ ಪಕ್ಕದಲ್ಲೇ, ಚಿಂತಪಲ್ಲಿಯ ಕಡೆಯ ಆರ್.ವಿ. ನಗರದಲ್ಲಿ, ಒಂದು ಪ್ರಾದೇಶಿಕ ಕೇಂದ್ರವಿದೆ. ಆ ಬೆಟ್ಟಗಳು, ಅರಕು ಸೇರಿದಂತೆ, 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಅಲ್ಲಿಯ ಗಿರಿಜನ ರೈತರ ಕಾಫಿ ಬಹುಮಟ್ಟಿಗೆ ಚೀಲದ ಗೊಬ್ಬರವನ್ನೇ ಕಾಣದೆ ಬೆಳೆಯುತ್ತದೆ. ಕೊಳೆಯುವ ಎಲೆ, ಸಗಣಿ ಗೊಬ್ಬರ, ಕಾಂಪೋಸ್ಟು. ಇಳುವರಿ ಕಡಿಮೆ, ಆದರೆ ಬೆಲೆ ಒಳ್ಳೆಯದು. ಪ್ಯಾರಿಸಿನಲ್ಲೂ ಅರಕು ಕಾಫಿಯ ಅಂಗಡಿ ತೆರೆದರು. ಹುದ್‌ಹುದ್ ಅವರ ನೆರಳು ಮರಗಳನ್ನು ಉರುಳಿಸಿತು. ಗಾಳಿಗೆ ಹಾರಿಹೋಗಲು ಯೂರಿಯಾ ಮಾತ್ರ ಅವರಲ್ಲಿರಲಿಲ್ಲ.

ಹಾಗೆಂದು ಎಲ್ಲರೂ ಯೂರಿಯಾ ಬಿಡಲಿ ಎಂದು ನಾನು ಹೇಳುವುದಿಲ್ಲ. ಈ ದೇಶದ ಅನ್ನ ಅದರ ಮೇಲೆ ನಿಂತಿದೆ. ವರ್ಷಕ್ಕೆ 350 ಲಕ್ಷ ಟನ್‌ಗೂ ಹೆಚ್ಚು ಬಳಸುತ್ತೇವೆ. 45 ಕಿಲೋದ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಅದರ ನಿಜವಾದ ಖರ್ಚು ಇದರ ಹಲವು ಪಟ್ಟು, ಮಿಕ್ಕದ್ದು ಸರಕಾರದ ಬೊಕ್ಕಸದಿಂದ, ಅಂದರೆ ನಿಮ್ಮ ಮೊದಲ ಸಂಬಳದ ತೆರಿಗೆಯಿಂದಲೂ. ಅಮೆರಿಕದ ಕಾಡಿನ ಕಂಪನಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತದೆ, ಆದ್ದರಿಂದ ಚಳಿಗಾಲಕ್ಕೆ ಕಾಯುತ್ತದೆ, ಲೇಪನಕ್ಕೆ ಹಣ ಹಾಕುತ್ತದೆ. ನಮ್ಮಲ್ಲಿ ಹೋದದ್ದನ್ನು ತುಂಬಲು ಇನ್ನೊಂದು ಅರ್ಧ ಚೀಲ ಎರಚಿದರಾಯಿತು ಎಂಬ ಧೋರಣೆ. ಅಗ್ಗದ ವಸ್ತುವಿಗೆ ಜೋಪಾನ ಕಡಿಮೆ.

ನೀವು ಮಾಡಬಹುದಾದ ಒಂದು ಕೆಲಸವಿದೆ. ಹವಾಮಾನ ಇಲಾಖೆಯ ಚಂಡಮಾರುತ ಮುನ್ಸೂಚನಾ ಕೇಂದ್ರ ವಿಶಾಖಪಟ್ಟಣದಲ್ಲೇ ಇದೆ. ರೈತರಿಗೆಂದೇ 2019ರಲ್ಲಿ ‘ಮೇಘದೂತ್’ ಎಂಬ ಆ್ಯಪ್ ಬಂದಿದೆ. ಮುಂದಿನ ಐದು ದಿನದ ಮಳೆ, ಗಾಳಿ, ತೇವಾಂಶ, ಜಿಲ್ಲಾವಾರು ಬೆಳೆ ಸಲಹೆ ಅದರಲ್ಲಿ ಸಿಗುತ್ತದೆ, ತೆಲುಗಿನಲ್ಲೂ ಕನ್ನಡದಲ್ಲೂ. (ನಿಮ್ಮಲ್ಲಿ ಹಲವರು ತೆಲುಗನ್ನೇ ಸರಾಗವಾಗಿ ಓದುತ್ತೀರಿ, ಬೇಸರವಿಲ್ಲ, ಹಾಗೆಯೇ ಓದಿ; ಫೋನಿನಲ್ಲಿ ಹೇಳುವಾಗ ಕನ್ನಡದಲ್ಲಿ ಹೇಳಿ.) ಊರಿನಲ್ಲಿ ಚಿಕ್ಕಪ್ಪ, ಸೋದರಮಾವ ಯೂರಿಯಾ ಎರಚಲು ಹೊರಟಿದ್ದಾರೆಂದು ತಿಳಿದರೆ ಮೂರು ಪ್ರಶ್ನೆ ಕೇಳಿ. ಗದ್ದೆಯಲ್ಲಿ ನೀರೆಷ್ಟಿದೆ? ಮಣ್ಣಿಗೆ ಸೇರಿಸುವ ಏರ್ಪಾಡು ಉಂಟೇ? ಒಣಭೂಮಿಯ ಬೆಳೆಯಾದರೆ, ನಾಳೆ ನಾಡಿದ್ದರಲ್ಲಿ ಬರುವುದು ತುಂತುರೋ, ಹದಮಳೆಯೋ, ಜಡಿಮಳೆಯೋ? ಹದಮಳೆ ಎಂದು ಆ್ಯಪ್ ಹೇಳಿದರೆ ಇವತ್ತೇ ಎರಚಲಿ. ತುಂತುರು ಎಂದರೆ ಮಣ್ಣಿಗೆ ಕಲೆಸದೆ ಎರಚುವುದು ಬೇಡ. ವಾಯುಭಾರ ಕುಸಿತದ ಸುದ್ದಿ ಬಂದಿದ್ದರೆ ಚೀಲವನ್ನು ಅಟ್ಟದ ಮೇಲೆಯೇ ಇಡಲಿ, ಬಾಯಿ ಬಿಗಿದು ಕಟ್ಟಿ.